ಷಡ್ಡಕನ ಕೈಗೆ ಸಾವಿರ ವರ್ಷ

ಷಡ್ಡಕನ ಕೈಗಳು ಇನ್ನು ಸಾವಿರ ವರ್ಷ ಉಳಿಯುತ್ತವಂತೆ ಎಂಬ ಸುದ್ದಿ ಬಿಗಿಯಣ್ಣನಿಗೆ ತಲುಪಿದ್ದು ಬೆಳಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ. ತಲುಪಿಸಿದವನು ಎದುರುಮನೆಯ ದರ್ಜಿ. ಬೀದಿಯಲ್ಲಿ ಯಾರಿಗೇ ಒಳ್ಳೆಯದಾಗಲಿ, ಅದನ್ನು ಕೇಳಿ ಯಾರಿಗೆ ಹೆಚ್ಚು ಉರಿಯುತ್ತದೋ ಅವರಿಗೇ ಮೊದಲು ಹೇಳುವುದು ಆ ಮನುಷ್ಯನ ಅಭ್ಯಾಸ.

"ಬಿಗಿಯಣ್ಣಾ, ಗೊತ್ತಾಯ್ತಾ? ನಿಮ್ಮ ಷಡ್ಡಕನ ಕೈನ ಕಂಪ್ಯೂಟರಿಗೆ ಹಾಕ್ತಾರಂತೆ!"

"ಯಾಕೆ? ಏನಾಯ್ತು ಕೈಗೆ?" ಎಂದ ಬಿಗಿಯಣ್ಣ, ಬಾಯಿತುಂಬ ನೊರೆ ಇಟ್ಟುಕೊಂಡೇ. ಆ ಪ್ರಶ್ನೆಯಲ್ಲಿ ತುಸು ಆಸೆಯೂ ಇತ್ತು.

"ಕೈಗೇನೂ ಆಗಿಲ್ಲ. ಬೆತ್ತದ ಕುರ್ಚಿ ಹೆಣೆಯೋ ಕಲೆ ಅಳಿದು ಹೋಗ್ತಿದೆಯಂತಲ್ಲ, ಅದಕ್ಕೆ ಪರಂಪರೆ ಉಳಿಸೋ ಯೋಜನೆಯೋರು ಬರ್ತಿದಾರೆ. ಇವತ್ತೇ! ಅವನ ಕೈಗೆ ಅದೇನೋ ತಂತಿ ಇರೋ ಗವಸು ತೊಡಿಸಿ, ಬೆರಳು ಹ್ಯಾಗ್ಹ್ಯಾಗೆ ಆಡುತ್ತೆ ಅಂತ ಪೂರಾ ಹಿಡಿದಿಟ್ಕೋತಾರಂತೆ. ಮುಂದೆ ಯಾರಾದ್ರೂ ಕಲೀಬೇಕು ಅಂದ್ರೆ ಅಂಥದ್ದೇ ಗವಸು ತೊಟ್ಟರೆ ಸಾಕು, ನಿಮ್ಮ ಷಡ್ಡಕನ ಕೈಯೇ ಅವರ ಕೈ ಹಿಡಿದು ಕಲಿಸುತ್ತಂತೆ. ಸಾವಿರ ವರ್ಷ ಕಳೆದ್ರೂ!"

ಬಿಗಿಯಣ್ಣ ನೊರೆಯನ್ನು ನುಂಗಿಬಿಟ್ಟ.

ಬಿಗಿಯಣ್ಣ ಎಂಬುದು ಅವನ ಹೆಸರಲ್ಲ, ಬೆತ್ತದ ಎಳೆಯನ್ನು ಅವನು ಎಳೆಯುವ ರೀತಿಗೆ ಬೀದಿಯವರು ಇಟ್ಟ ಅಡ್ಡಹೆಸರು. ಕುರ್ಚಿಯ ಚೌಕಟ್ಟು ಕಿರ್ರೆನ್ನುವವರೆಗೆ ಎಳೆದರೇ ಅವನಿಗೆ ಸಮಾಧಾನ. ಹಾಗೆ ಹೆಣೆದ ಕುರ್ಚಿಗಳು ಎರಡು ವರ್ಷಕ್ಕೆಲ್ಲ ನಡುಮಧ್ಯೆ ಕಿತ್ತುಬಂದರೆ ತಪ್ಪನ್ನು ಕೂತವರ ತೂಕದ ಮೇಲೆ ಹಾಕುತ್ತಿದ್ದ. ಕೂತವರು ತೆಳ್ಳಗಿದ್ದರೆ, ಅವರು ಕೂರುವ ರೀತಿಯೇ ಸರಿಯಿಲ್ಲ ಎನ್ನುತ್ತಿದ್ದ.

ಅವನೂ ಷಡ್ಡಕನೂ ಕೆಲಸ ಕಲಿತದ್ದು ಮಾವನ ಹತ್ತಿರ. ಊರಿನ ಹಳೆಯ ನಾಟಕ ಮಂದಿರದ ನಾನ್ನೂರು ಬೆತ್ತದ ಕುರ್ಚಿಗಳನ್ನು ಹೆಣೆದವರು ಆ ಮಾವ. ಐವತ್ತು ವರ್ಷದಿಂದ ಜನ ಅವುಗಳ ಮೇಲೆ ಕೂತು ನಕ್ಕಿದ್ದಾರೆ, ಅತ್ತಿದ್ದಾರೆ, ನಿದ್ದೆ ಹೊಡೆದಿದ್ದಾರೆ. ಒಂದು ಕುರ್ಚಿಯೂ ಜೋಲುಬಿದ್ದಿಲ್ಲ. ಮಾವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕೊಟ್ಟದ್ದು ಬಿಗಿಯಣ್ಣನಿಗೆ, ನಾಲ್ಕು ವರ್ಷದ ಮೇಲೆ ಚಿಕ್ಕವಳನ್ನು ಷಡ್ಡಕನಿಗೆ. ಕೆಲಸ ಕಲಿಯಲು ಕೂತದ್ದೂ ಅದೇ ಕ್ರಮದಲ್ಲಿ. ಅಂದರೆ ಬಿಗಿಯಣ್ಣ ಎಲ್ಲ ರೀತಿಯಲ್ಲೂ ನಾಲ್ಕು ವರ್ಷ ಹಿರಿಯ. ಈ ಲೆಕ್ಕವನ್ನು ಅವನು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಮಾವ ತೀರಿಕೊಂಡ ಮೇಲೆ ಇಬ್ಬರದೂ ಅಕ್ಕಪಕ್ಕದ ಮನೆ, ಹಿತ್ತಲಲ್ಲಿ ಇಬ್ಬರಿಗೂ ಸೇರಿದ ಒಂದೇ ಷೆಡ್ಡು.

ಅವನು ಒಳಗೆ ಬಂದು ಬಚ್ಚಲ ತಂಬಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟ.

"ಗೊತ್ತಾಯ್ತು ಅಂತ ಕಾಣುತ್ತೆ" ಎಂದಳು ಹೆಂಡತಿ.

"ನಿನಗೆ ಮೊದಲೇ ಗೊತ್ತಿತ್ತಾ?"

"ತಂಗಿ ನಿನ್ನೇನೇ ಹೇಳಿದ್ಲು. ನಿಮಗೆ ಹೇಳಿದ್ರೆ ರಾತ್ರಿ ಊಟ ಸೇರಲ್ಲ ಅಂತ ಸುಮ್ನಿದ್ದೆ."

"ಅಲ್ವೇ, ನಾನು ಇಲ್ಲಿ ಬಂಡೆ ಹಾಗೆ ಕೂತಿದೀನಿ. ಹಿರಿಯ ಅಳಿಯ. ನನ್ನನ್ನ ಬಿಟ್ಟು ಅವನನ್ನ ಹ್ಯಾಗೆ ಆರಿಸಿದ್ರು?"

"ಅವರು ಅರ್ಜಿ ಹಾಕಿದ್ರು. ಅದೇ ಅರ್ಜಿ ನಿಮ್ಮ ಫೋನಿಗೂ ಬಂದಿತ್ತು. ಮೋಸದ ಮೆಸೇಜು ಅಂತ ಬೈದು ಅಳಿಸಿಬಿಟ್ರಲ್ಲ, ಮರೆತುಹೋಯ್ತಾ?"

ಬಿಗಿಯಣ್ಣನಿಗೆ ನೆನಪಾಯಿತು. ನೆನಪಾದದ್ದರಿಂದ ಕೋಪ ಇನ್ನೂ ಹೆಚ್ಚಾಯಿತು.

"ಕಲೆಗೆ ಯಾರಾದ್ರೂ ಅರ್ಜಿ ಹಾಕ್ತಾರೇನೇ?"

ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅವನ ಮುಖ ನೋಡಿದಳು. ಅವಳ ದನಿ ಮೆತ್ತಗಾಯಿತು. "ಅಪ್ಪನ ಕೈ ಅಪ್ಪನ ಜೊತೇಲೇ ಹೋಯ್ತು. ಆಗ ಈ ಗವಸು ಪವಸು ಏನೂ ಇರಲಿಲ್ಲ. ಇನ್ಮೇಲೆ ಯಾರ ಕೈ ಉಳಿಯುತ್ತೋ ಅದನ್ನೇ ಜನ ಅಪ್ಪನ ಕೈ ಅಂತ ತಿಳ್ಕೋತಾರೆ. ಯಾರದಾದ್ರೇನು, ಉಳಿದ್ರೆ ಸಾಕು ನನಗೆ."

ಈ ಮಾತಿನ ಮೊದಲರ್ಧ ಮಾತ್ರ ಬಿಗಿಯಣ್ಣನ ಕಿವಿಗೆ ಬಿತ್ತು. ಯಾರ ಕೈ ಉಳಿಯುತ್ತೋ ಅದೇ ಮಾವನ ಕೈ! ಹಾಗಾದರೆ ಸಾವಿರ ವರ್ಷದ ಮೇಲೆ ಮಾವನ ವಾರಸುದಾರ ಎಂದರೆ ಷಡ್ಡಕ. ತಾನೊಬ್ಬ ಈ ಭೂಮಿಯ ಮೇಲೆ ಇದ್ದನೆಂಬುದೇ ಯಾರಿಗೂ ತಿಳಿಯುವುದಿಲ್ಲ. ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ಹೊಟ್ಟೆಕಿಚ್ಚಲ್ಲ, ನ್ಯಾಯದ ಪ್ರಶ್ನೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಷ್ಟೂ ಅದು ಹೊಟ್ಟೆಕಿಚ್ಚೇ ಎಂದು ಖಾತ್ರಿಯಾಗುತ್ತ ಹೋಯಿತು.

ದಬ್ಬಳ ವಾಪಸ್ಸು ಕೊಡುವ ನೆಪ ಮಾಡಿಕೊಂಡು ಪಕ್ಕದ ಮನೆಗೆ ಹೋದ. ಷಡ್ಡಕ ಹೊಸ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತಿದ್ದ. ಎರಡೂ ಕೈಗಳನ್ನು ಯಾವುದಕ್ಕೂ ತಾಗಿಸದೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ, ಆಗ ತಾನೇ ಬಣ್ಣ ಬಳಿದು ಒಣಗಲು ಇಟ್ಟ ಹಾಗೆ. ನಾದಿನಿ ಮುಂದೆ ಕೂತು ಅವನ ಉಗುರು ಕತ್ತರಿಸುತ್ತಿದ್ದಳು.

"ಬನ್ನಿ ಭಾವ, ಕೂತ್ಕೊಳಿ" ಎಂದ ಷಡ್ಡಕ. "ತಪ್ಪು ತಿಳ್ಕೋಬೇಡಿ, ದಬ್ಬಳ ಅಲ್ಲೇ ಇಡಿ. ಇವತ್ತು ನಾನು ಕೈಗೆ ಏನೂ ತಗೊಳ್ಳೋ ಹಾಗಿಲ್ಲ."

"ಬಾಗಿಲು ಸಹ ನಾನೇ ತೆಗೀತಿದೀನಿ ಭಾವ" ಎಂದಳು ನಾದಿನಿ ಹೆಮ್ಮೆಯಿಂದ. "ತಿಂಡಿನೂ ನಾನೇ ತಿನ್ನಿಸಿದೆ."

"ಒಳ್ಳೇದು. ಸಾವಿರ ವರ್ಷ ತಿನ್ನಿಸ್ತಾ ಇರು" ಎಂದ ಬಿಗಿಯಣ್ಣ.

ಷಡ್ಡಕ ನಕ್ಕ. ಅವನದು ಯಾವಾಗಲೂ ಸಾಧು ನಗೆ. ಆ ಸಾಧುತನವೇ ಬಿಗಿಯಣ್ಣನಿಗೆ ಆಗದು. ಜಗಳವಾಡುವ ಷಡ್ಡಕನಿದ್ದಿದ್ದರೆ ಅವನ ಜೀವನ ಎಷ್ಟೋ ಸುಲಭವಾಗುತ್ತಿತ್ತು.

ಹತ್ತು ಗಂಟೆಗೆ ಯೋಜನೆಯ ವ್ಯಾನು ಬಂತು. ಇಳಿದದ್ದು ಮೇಡಂ ಒಬ್ಬರು, ಕ್ಯಾಮೆರಾದವನೊಬ್ಬ. ಮೇಡಂ ಚುರುಕು ಹೆಂಗಸು, ಕುತ್ತಿಗೆಯಲ್ಲಿ ಹೆಡ್‌ಫೋನು, ಕಾಲಲ್ಲಿ ಓಡುವವರ ಬೂಟು. ಯಾರೂ ಕರೆಯದಿದ್ದರೂ ಬಿಗಿಯಣ್ಣ ಮುಂದೆ ನುಗ್ಗಿ ಪೆಟ್ಟಿಗೆಗಳನ್ನು ಹೊತ್ತ. ಷೆಡ್ಡಿಗೆ ಸಾಗಿಸುವ ದಾರಿಯುದ್ದಕ್ಕೂ ಮೇಡಂ ಅವನಿಗೆ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದರು. ಯಂತ್ರಕ್ಕೆ ಏನೇನು ಬೇಕು, ಯಾಕೆ ಬೇಕು, ಮೊದಲನೆಯದು ಯಾವುದು, ಎರಡನೆಯದು ಯಾವುದು. ಬಿಗಿಯಣ್ಣನ ಕಣ್ಣು ಬಾಗಿಲಲ್ಲಿ ನಿಂತಿದ್ದ ಷಡ್ಡಕನ ಹೊಸ ಅಂಗಿಯ ಮೇಲಿತ್ತು, ಕಿವಿಯೂ ಕಣ್ಣಿನ ಹಿಂದೆಯೇ ಹೋಗಿತ್ತು. "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತ ಷೆಡ್ಡು ತಲುಪಿದ. ಅಷ್ಟೂ ವಿವರಣೆಯಲ್ಲಿ ಅವನ ತಲೆಗೆ ಹೊಕ್ಕದ್ದು ಒಂದೇ, ಗವಸು ನೀರಿಗೆ ತಾಗಬಾರದು.

ಅದೊಂದು ಮಾತು ಮಾತ್ರ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಬೆತ್ತ ಹೆಣೆಯುವವರಿಗೆ ನೀರಿಲ್ಲದೆ ಕೆಲಸವಿಲ್ಲ. ಒಣಗಿದ ಎಳೆ ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಬಲ ಮೊಣಕಾಲಿನ ಪಕ್ಕ ಒಂದು ಬೋಗುಣಿ ನೀರು ಇದ್ದೇ ಇರುತ್ತದೆ. ನಾಲ್ಕು ಎಳೆ ಹೆಣೆಯುವಷ್ಟರಲ್ಲಿ ಕೈ ತಾನಾಗಿ ನೀರಿಗೆ ಹೋಗಿ ಬರುತ್ತದೆ, ಮನಸ್ಸಿಗೆ ಗೊತ್ತೂ ಆಗುವುದಿಲ್ಲ. ಮಾವನಂತೂ ಊಟಕ್ಕೆ ಕೂತಾಗಲೂ ನಾಲ್ಕು ತುತ್ತಿಗೊಮ್ಮೆ ಬಲಗಡೆ ಕೈ ಚಾಚುತ್ತಿದ್ದರು.

"ಎಳೆಗಳನ್ನ ಮೊದಲೇ ನೆನೆಸಿಟ್ಟಿದೀವಿ. ಒದ್ದೆ ಬಟ್ಟೆ ಒತ್ತೋ ಕೆಲಸ ಬೇರೆ ಯಾರಾದ್ರೂ ಮಾಡ್ಲಿ. ಇವರು ನೀರು ಮುಟ್ಟೋ ಹಾಗಿಲ್ಲ" ಎಂದರು ಮೇಡಂ. "ಗವಸು ಎರಡೇ ಜೊತೆ ಇರೋದು."

"ನಾನು ಮಾಡ್ತೀನಿ ಮೇಡಂ" ಎಂದ ಬಿಗಿಯಣ್ಣ. "ನಮ್ಮ ಮನೆಯ ಕೆಲಸ."

ಷಡ್ಡಕನ ಕಣ್ಣಲ್ಲಿ ನೀರಾಡಿತು. "ನಿಮ್ಮ ದೊಡ್ಡ ಮನಸ್ಸು ಭಾವ."

ಕಪ್ಪು ಗವಸು ತೊಟ್ಟು ಷಡ್ಡಕ ಹೆಣೆಯಲು ಕೂತ. ಎದುರಿನ ದೊಡ್ಡ ಪರದೆಯ ಮೇಲೆ ಎರಡು ಹಸಿರು ಕೈಗಳು ಮೂಡಿ ಅವನ ಬೆರಳಾಡಿದಂತೆ ಆಡಿದವು. ಷೆಡ್ಡಿನ ಬಾಗಿಲಲ್ಲಿ ನೆರೆದಿದ್ದ ಬೀದಿಯ ಜನ ಓಹೋ ಎಂದರು. ದರ್ಜಿ ತನ್ನ ಅಂಗಡಿ ಮುಚ್ಚಿ ಬಂದಿದ್ದ. ಹೆಣಿಗೆ ಸರಾಗವಾಗಿ ಸಾಗಿತು. ಒಂದು ಸಾಲು, ಎರಡು ಸಾಲು, ಹತ್ತು ಸಾಲು. ಆ ಹಸಿರು ಕೈಗಳು ಮಾವನ ಕೈಗಳ ಹಾಗೆಯೇ ಎಳೆಯನ್ನು ಎಳೆದು, ಒಂದು ಕೂದಲಿನಷ್ಟು ಸಡಿಲ ಬಿಟ್ಟು, ಮುಂದಕ್ಕೆ ಹೋಗುತ್ತಿದ್ದವು. ಬಿಗಿಯಣ್ಣನಿಗೆ ನೋಡಲಾಗಲಿಲ್ಲ.

ಒಂದು ಗಂಟೆ ತಡೆದ. ಆಮೇಲೆ ಬಟ್ಟೆ ಅದ್ದಿಕೊಳ್ಳುವ ನೆಪದಲ್ಲಿ ತನ್ನ ಬೋಗುಣಿಯನ್ನು ಸ್ವಲ್ಪ ಸರಿಸಿದ. ಇನ್ನೂ ಸ್ವಲ್ಪ ಸರಿಸಿದ. ಅದು ಷಡ್ಡಕನ ಬಲ ಮೊಣಕಾಲಿನ ಪಕ್ಕ, ಹದಿನಾರು ವರ್ಷದಿಂದ ಬೋಗುಣಿ ಕೂರುವ ಜಾಗದಲ್ಲೇ, ಬಂದು ಕೂತಿತು. ಅವನು ಏನೂ ಮಾಡಲಿಲ್ಲ, ಒಂದು ಬೋಗುಣಿಯನ್ನು ಅದರ ಜಾಗದಲ್ಲಿ ಇಟ್ಟ ಅಷ್ಟೆ.

ನಾಲ್ಕನೆಯ ಎಳೆಗೆ ಷಡ್ಡಕನ ಬಲಗೈ ಮಣಿಕಟ್ಟಿನವರೆಗೆ ನೀರಿಗಿಳಿಯಿತು.

ಗವಸು ಒಮ್ಮೆ ಚುಯ್ ಎಂದಿತು. ಪರದೆಯ ಮೇಲಿದ್ದ ಹಸಿರು ಕೈ ಸೊಟ್ಟಗಾಗಿ, ನಡುಗಿ, ಮಾಯವಾಯಿತು. ಮೇಡಂ "ಅಯ್ಯೋ!" ಎಂದು ಓಡಿಬಂದರು. ಷಡ್ಡಕ ತನ್ನ ಒದ್ದೆ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ. ಎಲ್ಲರಿಗಿಂತ ಜೋರಾಗಿ ಅಯ್ಯಯ್ಯೋ ಎಂದವನು ಬಿಗಿಯಣ್ಣ.

"ಇದುವರೆಗೆ ಹಿಡಿದಿಟ್ಟಿದ್ದು ಪೂರ್ತಿ ಹೋಯ್ತು" ಎಂದರು ಮೇಡಂ, ಕಂಪ್ಯೂಟರು ಕೆದಕಿ ನೋಡಿ. "ಬೇಜಾರಿಲ್ಲ ಬಿಡಿ, ಇನ್ನೊಂದು ಜೊತೆ ಇದೆ. ಆದ್ರೆ ಇವರ ಕೈ ನೋಡಿ, ಎಷ್ಟು ನಡುಗ್ತಿದೆ. ಇವತ್ತು ವಿಶ್ರಾಂತಿ ತಗೊಳ್ಳಿ. ನಾಳೆ ಬೆಳಗ್ಗೆ ಹೊಸದಾಗಿ ಮಾಡೋಣ."

ನಾದಿನಿ ಗಂಡನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಹೋಗುವಾಗ ಒಮ್ಮೆ ತಿರುಗಿ ಬೋಗುಣಿಯನ್ನು ನೋಡಿದಳು. ಆಮೇಲೆ ಭಾವನ ಮುಖ ನೋಡಿದಳು. ಬಿಗಿಯಣ್ಣ ಸೂರು ನೋಡಿದ.

ಊಟವಾದ ಮೇಲೆ ಮೇಡಂ ತಾವಾಗಿಯೇ ಅವನ ಬಳಿ ಬಂದರು. "ನೀವೂ ಇದೇ ಕೆಲಸದವರಲ್ವಾ? ಬೆಳಗ್ಗೆ ನಾನು ಎರಡನೇದು ಅಂತ ಹೇಳಿದ್ದೆ, ನೆನಪಿದೆಯಲ್ಲ? ಹೇಗೂ ಇವತ್ತು ಮಧ್ಯಾಹ್ನ ಖಾಲಿ. ಅದನ್ನ ನೀವು ಮಾಡಿಕೊಡ್ತೀರಾ?"

ಎರಡನೆಯದು ಏನೆಂಬುದು ಅವನಿಗೆ ಗೊತ್ತಿರಲಿಲ್ಲ. ಎರಡನೆಯ ಕೈ ಬೇಕು ಎಂದರೆ ಅದು ತನ್ನದಲ್ಲದೆ ಇನ್ನು ಯಾರದು?

"ಓಹೋ, ಅದಕ್ಕೇನಂತೆ ಮೇಡಂ!"

"ಯೋಚನೆ ಮಾಡಿ ಹೇಳಿ. ಹೋದ ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಮರ್ಯಾದೆ ಪ್ರಶ್ನೆ ಅಂದ್ರು."

"ಮರ್ಯಾದೆ ಪ್ರಶ್ನೇನೇ ಮೇಡಂ" ಎಂದ ಬಿಗಿಯಣ್ಣ, ಎದೆಯ ಮೇಲೆ ಕೈಯಿಟ್ಟು. "ಅದಕ್ಕೇ ನಾನು ಮಾಡ್ತೀನಿ."

ಮೇಡಂ ಅವನ ಕೈಕುಲುಕಿದರು. "ನಿಮ್ಮಂಥ ಧೈರ್ಯಸ್ಥರು ಬೇಕು ನಮಗೆ."

ಬೋಗುಣಿಯನ್ನು ಅವನು ತಾನೇ ಎತ್ತಿಕೊಂಡು ಹೋಗಿ ಬೀದಿಯಾಚೆ ದರ್ಜಿಯ ಅಂಗಡಿಯಲ್ಲಿಟ್ಟು ಬಂದ. ಎಳೆಗಳಿಗೆ ಒದ್ದೆ ಬಟ್ಟೆ ಒತ್ತಲು ಹೆಂಡತಿಯನ್ನು ಕೂರಿಸಿದ. ಗವಸು ತೊಟ್ಟ. ನಾಲ್ಕು ಎಳೆ ಹಾಕಿ, ತನ್ನ ರೀತಿಯಲ್ಲಿ, ಚೌಕಟ್ಟು ಕಿರ್ರೆನ್ನುವಂತೆ ಎಳೆದ.

ಪರದೆಯ ಮೇಲೆ ಎರಡು ಕೈಗಳು ಮೂಡಿದವು. ಕೆಂಡದಂಥ ಕೆಂಪು.

"ಅದ್ಭುತ!" ಎಂದು ಮೇಡಂ ಕೂಗಿದರು. "ನಿಲ್ಲಿಸಬೇಡಿ, ಹೀಗೇ ಮಾಡಿ, ಒಂದಿಷ್ಟೂ ಬದಲಾಯಿಸಬೇಡಿ!" ಹೆಡ್‌ಫೋನು ಏರಿಸಿಕೊಂಡು ಯಾರಿಗೋ ಫೋನು ಹಚ್ಚಿದರು. "ಸರ್, ಸಿಕ್ಕಿಬಿಟ್ರು ಸರ್! ಎಷ್ಟು ಊರಲ್ಲಿ ಹುಡುಕಿದ್ವಿ! ಇಷ್ಟು ಶುದ್ಧವಾಗಿ ಸಿಗುತ್ತೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ."

ಬಾಗಿಲಲ್ಲಿ ಗುಸುಗುಸು ಶುರುವಾಯಿತು. ಷಡ್ಡಕನದು ಹಸಿರು ಬಂದಿತ್ತು, ಇವನದು ಕೆಂಪು ಯಾಕೆ ಎಂದು ಯಾರೋ ಕೇಳಿದರು. "ಕೆಂಪು ಅಂದ್ರೆ ಶಕ್ತಿ ಜಾಸ್ತಿ" ಎಂದ ದರ್ಜಿ. ಯಾವ ವಿಷಯವನ್ನೂ ಗೊತ್ತಿಲ್ಲ ಎಂದವನಲ್ಲ ಅವನು. "ಒಲೆ ನೋಡಿಲ್ವಾ? ಕಾದಷ್ಟೂ ಕೆಂಪು."

ಸುದ್ದಿ ಒಳಗೂ ಹೋಗಿರಬೇಕು. ಷಡ್ಡಕ ಬಂದು ಜನರ ಹಿಂದೆ ನಿಂತ. ಅವನ ಮುಖದ ಮೇಲೆ ಆ ಸಾಧು ನಗೆ ಇರಲಿಲ್ಲ. ತುಟಿ ಬಿಗಿದಿತ್ತು, ಕಣ್ಣು ಕಿರಿದಾಗಿತ್ತು. ಹದಿನಾರು ವರ್ಷದಿಂದ ಬಿಗಿಯಣ್ಣ ಕಾಯುತ್ತಿದ್ದದ್ದು ಆ ಮುಖಕ್ಕಾಗಿ. ಹೊಟ್ಟೆಕಿಚ್ಚು ಬೇರೆಯವರ ಮುಖದಲ್ಲಿ ಇಷ್ಟು ಚೆಂದ ಕಾಣುತ್ತದೆಂದು ಅವನಿಗೆ ತಿಳಿದೇ ಇರಲಿಲ್ಲ. ಅವನು ಮುಂದಿನ ಎಳೆಯನ್ನು ಇನ್ನೂ ಬಿಗಿಯಾಗಿ ಎಳೆದ.

"ರೀ, ಬಿಗಿಯಾಯ್ತು" ಎಂದು ಹೆಂಡತಿ ಪಿಸುಗುಟ್ಟಿದಳು.

"ಸುಮ್ನಿರೇ. ಮೇಡಂಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ?"

ಐದು ಗಂಟೆಗೆ ಇಡೀ ಕುರ್ಚಿ ಮುಗಿಯಿತು. ಅದರ ಮೇಲೆ ಬೆರಳಲ್ಲಿ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಷಡ್ಡಕ ತಟ್ಟದೆ ಒಳಗೆ ಹೋದ. ಬಿಗಿಯಣ್ಣ ಅದನ್ನೂ ಗಮನಿಸಿ ಖುಷಿಪಟ್ಟ.

ಜನ ಚೆದುರಿದರು, ಹೆಂಡತಿ ಚಹಾ ತರಲು ಒಳಗೆ ಹೋದಳು. ಕ್ಯಾಮೆರಾದವನು ಸಾಮಾನು ಕಟ್ಟತೊಡಗಿದ. ಮೇಡಂ ಒಂದು ಕಾಗದ ಚಾಚಿದರು. "ಒಪ್ಪಿಗೆ ಪತ್ರ. ಇಲ್ಲಿ ಸಹಿ ಹಾಕಿಬಿಡಿ."

ಬಿಗಿಯಣ್ಣ ಹೆಮ್ಮೆಯಿಂದ, ಉದ್ದದ ಬಾಲವೊಂದನ್ನು ಎಳೆದು ಸಹಿ ಹಾಕಿದ. ಹಾಕಿದ ಮೇಲೆ ಮೇಲ್ಗಡೆ ಅಚ್ಚಾಗಿದ್ದ ಸಾಲನ್ನು ಓದಿದ. ಮತ್ತೊಮ್ಮೆ ಓದಿದ.

"ಮೇಡಂ, ಇಲ್ಲಿ... ತಪ್ಪು ಮಾದರಿ ಅಂತ ಅಚ್ಚಾಗಿದೆ."

"ಹೂಂ, ಅದೇ. ಬೆಳಗ್ಗೆ ಹೇಳಿದ್ನಲ್ಲ. ಯಂತ್ರಕ್ಕೆ ಸರಿಯಾದ ಕೈ ಒಂದು ಬೇಕು, ತಪ್ಪಾದ ಕೈ ಒಂದು ಬೇಕು. ಕಲಿಯೋರು ಜಾಸ್ತಿ ಬಿಗಿ ಎಳೆದ್ರೆ ಗವಸು ತಕ್ಷಣ ಗುರುತು ಹಿಡಿದು, ಹೀಗೆ ಮಾಡಬೇಡಿ ಅಂತ ನಿಮ್ಮ ಕೈ ತೋರಿಸುತ್ತೆ." ಮೇಡಂ ಅವನನ್ನು ಗೌರವದಿಂದ ನೋಡಿದರು. "ನಿಜ ಹೇಳ್ಲಾ? ಒಳ್ಳೆ ಕೆಲಸಗಾರರಿಗೆ ಬೇಕೂಂತ ತಪ್ಪು ಮಾಡೋದು ಬಹಳ ಕಷ್ಟ. ನಡುನಡುವೆ ಕೈ ತಾನಾಗೇ ಸರಿ ಮಾಡಿಬಿಡುತ್ತೆ. ನೀವು ಮಾತ್ರ ಮೂರು ಗಂಟೆ ಹೊತ್ತು, ಒಂದೇ ಒಂದು ಸಲವೂ ಅಪ್ಪಿತಪ್ಪಿ ಸರಿ ಮಾಡಲಿಲ್ಲ! ಅದ್ಹೇಗೆ ಸಾಧ್ಯ ಆಯ್ತು ನಿಮಗೆ?"

"ಅಭ್ಯಾಸ" ಎಂದ ಬಿಗಿಯಣ್ಣ, ಎಲ್ಲೋ ನೋಡುತ್ತ.

ಅವನಿಗೆ, ವರ್ಷಗಟ್ಟಲೆ ಮಾವ ಪಕ್ಕದಲ್ಲಿ ಕೂತು "ಸ್ವಲ್ಪ ಸಡಿಲ, ಸ್ವಲ್ಪ ಸಡಿಲ" ಎನ್ನುತ್ತಿದ್ದದ್ದು ಒಟ್ಟಿಗೇ ನೆನಪಾಯಿತು. ಅದು ವಯಸ್ಸಾದವರ ಗೊಣಗಾಟ ಎಂದು ಅವನು ತಿಳಿದಿದ್ದ.

"ಇದನ್ನ ಅಳಿಸಿಬಿಡಿ ಮೇಡಂ."

"ಅಳಿಸೋದಾ?" ಮೇಡಂ ನಕ್ಕರು. "ಅದೇ ಅಲ್ವಾ ನಮ್ಮ ಯೋಜನೆಯ ಹೆಚ್ಚುಗಾರಿಕೆ? ಕುರ್ಚಿ ಮುಗೀತಿದ್ದ ಹಾಗೇ ಏಳು ಊರಿನ ಏಳು ಯಂತ್ರಕ್ಕೆ ಹೋಗಿ ಕೂತಿದೆ. ಒಂದು ಸುಟ್ಟುಹೋದ್ರೂ ಆರು ಇರುತ್ತೆ. ಯಾರೂ ಅಳಿಸಬಾರದು ಅಂತಲೇ ಹಾಗೆ ಮಾಡಿರೋದು. ನಮ್ಮ ಕೈಲೂ ಆಗಲ್ಲ."

"ಅಯ್ಯೋ ದೇವರೇ."

"ನೀವೇನೂ ಯೋಚನೆ ಮಾಡಬೇಡಿ. ನಾಳೆ ಬೆಳಗ್ಗೆ ನಿಮ್ಮ ಷಡ್ಡಕರ ಕೈ ಸಿಕ್ಕರೆ ಸರಿ ಒಂದು ಕಡೆ, ತಪ್ಪು ಒಂದು ಕಡೆ, ಎರಡೂ ಪಕ್ಕಪಕ್ಕ ಬರುತ್ತೆ. ನಾಟಕ ಮಂದಿರದ ಹಳೇ ಕುರ್ಚಿಗಳನ್ನ ಹೋದ ವಾರವೇ ಅಳತೆ ಮಾಡಿದೀವಿ. ಬೆಳಗ್ಗೆ ಅವರು ಹೆಣೀತಿದ್ದಿದ್ದು ಅದಕ್ಕೆ ಕರಾರುವಾಕ್ಕಾಗಿ ಹೊಂದ್ತಿತ್ತು."

"ಅಕಸ್ಮಾತ್ ನಾಳೆ ಹೊಂದದೇ ಹೋದ್ರೆ?"

ಮೇಡಂ ಪೆಟ್ಟಿಗೆಯ ಬೀಗ ಹಾಕುತ್ತ ಯೋಚಿಸಿದರು. "ಹಾಗಾದ್ರೆ ಕಷ್ಟ. ನಾಳೆ ಮಧ್ಯಾಹ್ನ ಹೊರಡಲೇಬೇಕು. ಮುಂದಿನ ಊರಲ್ಲಿ ಗಡಿಯಾರ ರಿಪೇರಿಯವರು ಕಾಯ್ತಿದಾರೆ. ಮತ್ತೆ ಈ ಕಡೆ ಬರೋದಿಲ್ಲ. ಆಗ ಈ ಕಲೆಯಿಂದ ಉಳಿಯೋದು ನಿಮ್ಮ ಕೈ ಒಂದೇ."

ವ್ಯಾನು ಹೊರಟುಹೋಯಿತು. ಬಿಗಿಯಣ್ಣ ತಾನು ಹೆಣೆದ ಕುರ್ಚಿಯನ್ನು ನೋಡುತ್ತ ನಿಂತ. ಅವನ ಕಣ್ಣಿಗೆ ಸಾವಿರ ವರ್ಷಗಳಾಚೆ ಕಂಡಿತು. ಎಲ್ಲೆಲ್ಲೋ, ಗವಸು ತೊಟ್ಟ ಮಕ್ಕಳು ಸಾಲಾಗಿ ಕೂತು ಹೆಣೆಯಲು ಕಲಿಯುತ್ತಿದ್ದಾರೆ. ಸರಿ ಯಾವುದು ಎಂದು ಕೇಳಿದರೆ ಯಂತ್ರ ಮೌನ. ತಪ್ಪು ಯಾವುದು ಎಂದು ಕೇಳಿದರೆ ಮಾತ್ರ ಎರಡು ಕೆಂಪು ಕೈಗಳು. ಮಾವನ ಐವತ್ತು ವರ್ಷದ ಕೆಲಸದಿಂದ ಜಗತ್ತಿಗೆ ಉಳಿದದ್ದು ಅದೊಂದೇ. ಅವನಿಗೆ ನಿಜವಾಗಿ ದುಃಖವಾಯಿತು. ತನ್ನ ಮರ್ಯಾದೆಗಾಗಿಯೂ ಆಯಿತು, ಅದನ್ನೇನೂ ಮುಚ್ಚಿಡಬೇಕಾಗಿಲ್ಲ. ಆದರೆ ಹೆಚ್ಚು ಆದದ್ದು ಮಾವನಿಗಾಗಿ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನು ಷಡ್ಡಕನ ಕೈ ಚೆನ್ನಾಗಿರಲಿ ಎಂದು ಮನಸಾರೆ ಹಾರೈಸಿದ.

ಹಾರೈಸಿ ತಿರುಗುವಷ್ಟರಲ್ಲಿ ಷಡ್ಡಕ ಒಂದು ಖಾಲಿ ಚೌಕಟ್ಟು ಹಿಡಿದು ಷೆಡ್ಡಿಗೆ ಬಂದ. ಬಿಗಿಯಣ್ಣನ ಕುರ್ಚಿಯನ್ನು ಮುಟ್ಟಿದ, ತಟ್ಟಿದ, ತಲೆಯಾಡಿಸಿದ. ಮೂಲೆಯಲ್ಲಿ ಕೂತು ನಾಲ್ಕು ಎಳೆ ಹಾಕಿ, ಹಲ್ಲು ಕಚ್ಚಿ, ಚೌಕಟ್ಟು ಕಿರ್ರೆನ್ನುವಂತೆ ಎಳೆದ.

ಬಿಗಿಯಣ್ಣ ಅವನತ್ತ ಧಾವಿಸಿದ. "ಏ, ಏನು ಮಾಡ್ತಿದೀಯೋ? ಸಡಿಲ ಬಿಡು!"

"ಯಾಕೆ ಭಾವ? ಬಿಗಿ ನೀವೊಬ್ಬರೇ ಎಳೀಬೇಕಾ?"

"ನಿನ್ನ ರೀತಿ ಹೆಣಿಯಪ್ಪ. ಬೆಳಗ್ಗೆ ಹೆಣೀತಿದ್ದೆಯಲ್ಲ, ಹಾಗೆ. ಅದೇ ಸರಿ. ಅದೇ ಮಾವನ ರೀತಿ."

ಷಡ್ಡಕ ತಲೆಯೆತ್ತಿ ಅವನನ್ನು ದಿಟ್ಟಿಸಿದ. "ಹದಿನಾರು ವರ್ಷ ನನ್ನ ಹೆಣಿಗೆ ನೋಡಿ ಜೋಲು, ಜೋಲು ಅಂದ್ರಿ. ಇವತ್ತು ಸಂಜೆ ಇದ್ದಕ್ಕಿದ್ದ ಹಾಗೆ ಅದು ಮಾವನ ರೀತಿ ಆಗಿಬಿಡ್ತಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನಿಸಿತು ಬಿಗಿಯಣ್ಣನಿಗೆ. ಅವನು ಬಾಗಿಲತ್ತ ನೋಡಿ, ದನಿ ತಗ್ಗಿಸಿ, ತನ್ನ ಜೀವನದ ಅತಿ ಕಷ್ಟದ ಮಾತನ್ನು ಹೇಳಿದ. "ನೋಡು, ನಂದು ತಪ್ಪು. ಮೇಡಂ ನನ್ನ ಕೈ ತಗೊಂಡಿದ್ದೇ ತಪ್ಪು ಹ್ಯಾಗಿರುತ್ತೆ ಅಂತ ತೋರ್ಸೋಕೆ. ಹೀಗೆ ಹೆಣೀಬಾರದು ಅಂತ."

ಷಡ್ಡಕ ಜೋರಾಗಿ ನಕ್ಕುಬಿಟ್ಟ.

"ಅದಕ್ಕೇ ಮೇಡಂ ಅದ್ಭುತ ಅಂತ ಕೂಗಿದ್ರಾ? ಅದಕ್ಕೇ ದೊಡ್ಡ ಸಾಹೇಬರಿಗೆ ಫೋನ್ ಮಾಡಿ ಸಿಕ್ಕಿಬಿಟ್ರು ಅಂದ್ರಾ? ಭಾವ, ಬೆಳಗ್ಗೆ ಬೋಗುಣಿ ನನ್ನ ಬಲಗಡೆ ಇಟ್ಟವರು ಯಾರು?"

ಬಿಗಿಯಣ್ಣ ಮತ್ತೆ ಸೂರು ನೋಡಿದ.

"ನನ್ನ ಹೆಂಡತಿ ನೋಡಿದ್ಲು. ನಾನೇ, ಭಾವ ಅಂಥವರಲ್ಲ ಅಂತ ಅವಳನ್ನ ಬೈದೆ. ಈಗ ನಾಳೆನೂ ನಾನು ಕೆಡಬೇಕು ಅಂತ ಈ ಕತೆ ಕಟ್ಟಿದೀರಿ. ಗುಟ್ಟು ಬಿಟ್ಟುಕೊಡೋಕೆ ಇಷ್ಟ ಇಲ್ಲ ಅಂದ್ರೆ ನೇರ ಹೇಳಿ."

"ಮೇಡಂನ ಕೇಳು! ಈಗಲೇ ಫೋನ್ ಮಾಡು!"

ಬಿಗಿಯಣ್ಣನೇ ಫೋನು ಹಚ್ಚಿದ. ಮೇಡಂ ಸಂಪರ್ಕದ ವ್ಯಾಪ್ತಿಯಿಂದ ಹೊರಗಿದ್ದಾರೆ ಎಂದಿತು ಅದು. ಒಪ್ಪಿಗೆ ಪತ್ರವೂ ಅವರ ಜೊತೆಯಲ್ಲೇ ಹೋಗಿತ್ತು. ಅವನು ಓಡಿಹೋಗಿ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದ. ಅವಳು ಮೊದಲು ನಕ್ಕಳು, ಆಮೇಲೆ ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡಳು, ಕೊನೆಗೆ ಸೆರಗು ಬಿಗಿದುಕೊಂಡು ತಂಗಿಯ ಮನೆಗೆ ಹೋದಳು. ಹೋದಷ್ಟೇ ಬೇಗ ವಾಪಸ್ಸು ಬಂದಳು.

"ಏನಂದ್ಲು?"

"ಅಕ್ಕಾ, ಭಾವ ಕಳಿಸಿದ್ರಾ ಅಂದ್ಲು. ಹೌದು ಅಂದೆ. ಬಾಗಿಲು ಹಾಕ್ಕೊಂಡ್ಲು."

ಷೆಡ್ಡಿನೊಳಗಿಂದ ಕಿರ್, ಕಿರ್ ಎಂದು ಸದ್ದು ಬರುತ್ತಿತ್ತು. ಷಡ್ಡಕ ಜಾಣ ಕೆಲಸಗಾರ, ಏನನ್ನೇ ಆದರೂ ಬೇಗ ಕಲಿಯುತ್ತಿದ್ದ. ಒಂದೊಂದು ಎಳೆಗೂ ಅವನ ಬಿಗಿ ಹೆಚ್ಚುತ್ತಲೇ ಹೋಯಿತು. ಬೆಳಗ್ಗೆ ಮೇಡಂ ಬಂದು ಹೇಳುವಷ್ಟರಲ್ಲಿ ಅವನ ಕೈಗೆ ಅದೇ ಅಭ್ಯಾಸವಾಗಿಬಿಟ್ಟಿದ್ದರೆ? ಬಿಗಿಯಣ್ಣನಿಗೆ ತಡೆಯಲಾಗಲಿಲ್ಲ. ಒಳಹೊಕ್ಕು ಷಡ್ಡಕನ ಕೈಯಲ್ಲಿದ್ದ ಎಳೆಗೆ ಕೈ ಹಾಕಿದ. ಷಡ್ಡಕ ಅವನನ್ನು ಹೊರಗೆ ತಳ್ಳಿ ಒಳಗಿನಿಂದ ಅಗುಳಿ ಹಾಕಿಕೊಂಡ.

ಬಿಗಿಯಣ್ಣ ಹಿತ್ತಲಲ್ಲಿ ನಿಂತು ಬಾಗಿಲು ಬಡಿದ. "ಸಡಿಲ ಬಿಡೋ! ನಿನ್ನ ಕಾಲಿಗೆ ಬೀಳ್ತೀನಿ, ಒಂದು ಕೂದಲಿನಷ್ಟು ಸಡಿಲ ಬಿಡೋ! ನೀನು ನನಗಿಂತ ಚೆನ್ನಾಗಿ ಹೆಣೀತೀಯೋ! ಯಾವಾಗಲೂ ಹೆಣೀತಿದ್ದೆ!"

ಈ ಗಲಾಟೆ ಕೇಳಿ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಬೋಗುಣಿ ಹಿಂತಿರುಗಿಸಲು ಬಂದಿದ್ದ ದರ್ಜಿ ಹಿತ್ತಲ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ನೋಡ್ರಪ್ಪಾ, ಪಾಪ ಆ ಹುಡುಗ ನಾಳೆಗೆ ಅಂತ ತನ್ನ ಪಾಡಿಗೆ ತಾನು ಅಭ್ಯಾಸ ಮಾಡ್ತಿದಾನೆ. ಇವನಿಗೆ ಅದನ್ನೂ ಸಹಿಸೋಕಾಗ್ತಿಲ್ಲ. ಎಂಥ ಹೊಟ್ಟೆಕಿಚ್ಚು ಮಾರಾಯ್ರೇ ಈ ಮನುಷ್ಯಂದು!"

ಅಗುಳಿಯ ಆಚೆ ಷಡ್ಡಕ ಆ ಮಾತು ಕೇಳಿಸಿಕೊಂಡು, ಹೊಸ ಹುರುಪಿನಿಂದ, ಮುಂದಿನ ಎಳೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದ.